ಅಣ್ಣನಿಗಾಗಿ ಗುಣವಾದವಳು

ನಮ್ಮ ಮನೆಯ ಎಮ್ಮೆಗೆ ನಾನು ಮೇವು ಹಾಕಬಹುದಿತ್ತು, ಸಗಣಿ ಬಾಚಬಹುದಿತ್ತು, ಕಾಲುವೆಗೆ ಇಳಿಸಿ ಮೈ ತೊಳೆಯಬಹುದಿತ್ತು. ಹಾಲು ಕರೆಯುವ ಹಾಗಿರಲಿಲ್ಲ. ಕೆಚ್ಚಲಿಗೆ ನನ್ನ ಕೈ ತಾಗಿದರೆ ಹಾಲಿಗೆ ಸಿ ವೈರಸ್ ಇಳಿಯುತ್ತದೆ, ಹಾಲಿನಿಂದ ಚೀಸಿಗೆ, ಚೀಸಿನಿಂದ ಇಡೀ ಊರಿಗೆ ಹಬ್ಬುತ್ತದೆ ಎಂದು ಅಮ್ಮ ತೀರ್ಮಾನ ಮಾಡಿದ್ದಳು. ಯಾವ ಡಾಕ್ಟರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಎಮ್ಮೆಗೆ ಮಾತ್ರ ನನ್ನಿಂದ ಏನೂ ಆಗುವುದಿಲ್ಲವಂತೆ. ನನ್ನಿಂದ ಮುಟ್ಟಿಸಿಕೊಳ್ಳುತ್ತಿದ್ದ ಜೀವ ಆ ಮನೆಯಲ್ಲಿ ಅದೊಂದೇ ಆಗಿತ್ತು.

ನನ್ನ ಹೆಸರು ಬದ್ರಿಯ್ಯಾ. ಮನ್ಸೂರಾ ಪಟ್ಟಣದಿಂದ ಮೈಕ್ರೋಬಸ್ಸಿನಲ್ಲಿ ಬಂದರೆ ಕಾಲುವೆಯ ಸೇತುವೆ ದಾಟಿದ ಕೂಡಲೇ ಸಿಗುವ ಚೀಸ್ ಅಂಗಡಿ ನಮ್ಮದು. ನಮ್ಮದು ಅಂದರೆ ನನ್ನ ಅಣ್ಣ ಫಿಕ್ರಿಯದು. ಅಮ್ಮನನ್ನು ಊರೆಲ್ಲ ಉಮ್ ಫಿಕ್ರಿ, ಫಿಕ್ರಿಯ ತಾಯಿ, ಎಂದೇ ಕರೆಯುತ್ತದೆ. ಹೆಣ್ಣುಮಕ್ಕಳ ಹೆಸರಿನಿಂದ ತಾಯಿಯನ್ನು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ದರೂ ಅವಳು ಓಗೊಡುತ್ತಿರಲಿಲ್ಲ.

ನನಗೆ ಕಾಯಿಲೆ ಇದೆ ಎಂದು ಗೊತ್ತಾದದ್ದು ಮದುವೆ ನಿಶ್ಚಯವಾದ ಮೇಲೆ. ಮದುವೆಯ ಕಾಗದ ಮಾಡಿಸಬೇಕಾದರೆ ರಕ್ತ ಪರೀಕ್ಷೆ ಆಗಬೇಕು. ಹುಡುಗನದು ಸರಿಯಿತ್ತು, ನನ್ನದರಲ್ಲಿ ಹೆಪಟೈಟಿಸ್ ಸಿ ಬಂತು. ಹುಡುಗನ ಮನೆಯವರು ಅದೇ ವಾರ ಉಂಗುರ ವಾಪಸ್ ತೆಗೆದುಕೊಂಡು ಹೋದರು. ಎಲ್ಲಿಂದ ತಗುಲಿತೋ ಯಾರಿಗೆ ಗೊತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ಬೀದಿಯ ಎಲ್ಲರಿಗೂ ಒಂದೇ ಸೂಜಿಯಲ್ಲಿ ಚುಚ್ಚುತ್ತಿದ್ದ ಹೆಂಗಸೊಬ್ಬಳಿದ್ದಳು, ಅವಳೇ ಇರಬಹುದು. ನಮ್ಮ ಕಡೆ ಯಾವ ಬೀದಿಗೆ ಹೋದರೂ ಈ ಕಾಯಿಲೆ ಇತ್ತು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು, ಅಷ್ಟೆ. ನಾವು ಬೇರೆಯವರಿಗಿಂತ ಬಿಗಿಯಾಗಿ ಹಾಕಿಕೊಂಡೆವು, ಏಕೆಂದರೆ ನಮ್ಮದು ತಿನ್ನುವ ವಸ್ತುವಿನ ವ್ಯಾಪಾರ. "ಅಂಗಡಿಯವನ ತಂಗಿಗೆ ವೈರಸ್ಸು ಅಂತ ಗೊತ್ತಾದ್ರೆ ಚೀಸು ನಾವೇ ತಿಂದ್ಕೋಬೇಕು" ಅಂದಳು ಅಮ್ಮ. ಅಂದಿನಿಂದ ನನಗೆ ಬೇರೆ ಲೋಟ, ಬೇರೆ ತಟ್ಟೆ, ಬೇರೆ ಟವಲು. ರೊಟ್ಟಿ ಹಿಟ್ಟು ಮುಟ್ಟುವಂತಿಲ್ಲ. ಅಣ್ಣನ ಮಕ್ಕಳನ್ನು ಎತ್ತಿಕೊಳ್ಳುವಂತಿಲ್ಲ.

ನನಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಬೀದಿಯ ಹೆಂಗಸರ ನಿಲುವಂಗಿಗಳೆಲ್ಲ ನನ್ನ ಕೈಯಲ್ಲೇ ಆಗುತ್ತಿದ್ದವು. ಒಂದು ದಿನ ಸೂಜಿ ಚುಚ್ಚಿ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿತ್ತು. ಅತ್ತಿಗೆ ಸನಿಯ್ಯಾ ಅದನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ಒಲೆಗೆ ಹಾಕಿದಳು. ಅಲ್ಲಿಗೆ ಹೊಲಿಗೆಯೂ ಮುಗಿಯಿತು. ಮಹಲ್ಲಾದ ಬಟ್ಟೆ ಕಾರ್ಖಾನೆಯಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ಕೇಳಿ ಅಲ್ಲಿಗೂ ಹೋಗಿದ್ದೆ. ಅಲ್ಲೂ ಮೊದಲು ರಕ್ತ ಪರೀಕ್ಷೆ ಅಂದರು. ಬಾಗಿಲಲ್ಲೇ ಹಿಂದಿರುಗಿ ಬಂದೆ.

ಆಮೇಲೆ ಒಂದು ವರ್ಷ ಸರ್ಕಾರದ ಗಾಡಿ ಊರಿಗೆ ಬಂತು. ಮಸೀದಿಯ ಮುಂದೆ ನಿಲ್ಲಿಸಿಕೊಂಡು, ಸಿ ವೈರಸ್ ಪರೀಕ್ಷೆ ಪುಕ್ಕಟೆ, ಮಾತ್ರೆಯೂ ಪುಕ್ಕಟೆ, ಮೂರೇ ತಿಂಗಳಲ್ಲಿ ಗುಣ ಎಂದು ಮೈಕಿನಲ್ಲಿ ಕೂಗಿದರು. ನಾನು ಕೊಟ್ಟಿಗೆಯಲ್ಲಿದ್ದೆ. ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡೆ. ಹೊರಗೆ ಬರೋಣವೆಂದು ನೋಡಿದರೆ ಅಮ್ಮ ಕೊಟ್ಟಿಗೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಳು.

"ಅಮ್ಮಾ, ತೆಗಿ!"

"ಬಾಯಿ ಮುಚ್ಕೊಂಡಿರು. ಇಡೀ ಊರು ಸಾಲಲ್ಲಿ ನಿಂತಿದೆ. ನೀನು ಹೋಗಿ ನಿಂತ್ರೆ ನಾಳೆ ಅಂಗಡಿ ಬಾಗಿಲು ಮುಚ್ಬೇಕಾಗತ್ತೆ."

"ಗುಣ ಆಗತ್ತಂತಲ್ಲಮ್ಮ!"

"ಗುಣ ಆಗಿ ಏನು ಮಾಡ್ಬೇಕಾಗಿದೆ ನೀನು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಬಾಗಿಲಿನ ಸಂದಿಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಗಾಡಿ ಹೋದ ಮೇಲೆ ಅವಳು ಚಿಲಕ ತೆಗೆದಳು. ನಾನು ಚಿಕ್ಕಮ್ಮನ ಊರಿಗೆ ಹೋಗಿದ್ದೇನೆಂದು ಗಾಡಿಯವರಿಗೆ ಹೇಳಿದ್ದಳಂತೆ. ನನ್ನ ಗುರುತಿನ ಚೀಟಿ ಅವಳ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಯ ಕೀಲಿ ಅವಳ ಕೊರಳಲ್ಲಿ. ಚೀಟಿ ಇಲ್ಲದೆ ನಮ್ಮ ದೇಶದಲ್ಲಿ ಒಂದು ಮಾತ್ರೆಯೂ ಹುಟ್ಟುವುದಿಲ್ಲ.

ಅಷ್ಟರಲ್ಲಿ ಅಣ್ಣನ ಎರಡೂ ಕಿಡ್ನಿ ಕೈಕೊಟ್ಟವು.

ಅಣ್ಣ ಕೆಟ್ಟವನೆಂದು ನಾನು ಹೇಳಲಾರೆ. ನನ್ನ ಲೋಟ ಬೇರೆ ಇಡು ಎಂದು ಅವನು ಯಾವತ್ತೂ ಹೇಳಲಿಲ್ಲ. ಇಟ್ಟದ್ದನ್ನು ನೋಡಿ ಸುಮ್ಮನಿದ್ದ. ನಗುನಗುತ್ತ ವ್ಯಾಪಾರ ಮಾಡುವ, ತೂಕಕ್ಕೆ ಮೇಲೊಂದು ತುಂಡು ಹಾಕಿ ಮಕ್ಕಳನ್ನು ಕಳಿಸುವ ಮನುಷ್ಯ. ಈಗ ವಾರಕ್ಕೆ ಮೂರು ಸಲ ಮನ್ಸೂರಾಕ್ಕೆ ಹೋಗಿ ರಕ್ತ ಸೋಸುವ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕಾಯಿತು. ಬೊಗಸೆ ನೀರಿಗೂ ಲೆಕ್ಕ. ಬಾಯಾರಿದರೆ ನಿಂಬೆ ಹೋಳು ಚೀಪುತ್ತಿದ್ದ. ಅಲ್ಲಿ ಎರಡು ಕೋಣೆಗಳಿದ್ದವಂತೆ, ಸಿ ಇಲ್ಲದವರಿಗೆ ಒಂದು, ಇದ್ದವರಿಗೆ ಒಂದು. ಪ್ರತಿ ಸಲ ರಕ್ತ ಪರೀಕ್ಷೆ ಆದಾಗಲೂ ಎಲ್ಲಿ ಆ ಇನ್ನೊಂದು ಕೋಣೆಗೆ ಹಾಕಿಬಿಡುತ್ತಾರೋ ಎಂದು ಅಣ್ಣನಿಗೆ ನಡುಕ. ಆ ನಡುಕವನ್ನು ಮನೆಗೂ ತಂದ. ನಾನು ಅಂಗಳಕ್ಕೆ ಬಂದರೆ ಅವನು ಒಳಗೆ ಹೋಗುತ್ತಿದ್ದ.

ಕಿಡ್ನಿ ಹಾಕಿಸಬೇಕು ಅಂದರು ಡಾಕ್ಟರು, ಸಂಬಂಧಿಕರೇ ಕೊಡಬೇಕು. ಅಮ್ಮನಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಸನಿಯ್ಯಾಳ ರಕ್ತದ ಗುಂಪು ಹೊಂದಲಿಲ್ಲ. ಉಳಿದವನು ನಮ್ಮ ಕಿರಿಯ ತಮ್ಮ ಹಮ್ದಿ, ಕುವೈತಿನಲ್ಲಿ ಲಾರಿ ಓಡಿಸುತ್ತಾನೆ, ಗೂಳಿಯ ಹಾಗಿದ್ದಾನೆ. ಅವನ ಹೆಸರನ್ನು ಅಮ್ಮ ಎತ್ತಲೇ ಇಲ್ಲ. ಹಮ್ದಿಯೂ ಫೋನಿನಲ್ಲಿ ಅಣ್ಣನಿಗೆ ದೇವರು ಒಳ್ಳೇದು ಮಾಡಲಿ, ಒಳ್ಳೇದು ಮಾಡಲಿ ಎಂದು ಹೇಳಿ ಇಟ್ಟುಬಿಡುತ್ತಿದ್ದ.

"ಬದ್ರಿಯ್ಯಾ ಇದ್ದಾಳಲ್ಲ" ಅಂದಳು ಅಮ್ಮ ಒಂದು ದಿನ ಊಟದ ಹೊತ್ತಿನಲ್ಲಿ. ನಾನು ಬಾಗಿಲ ಹತ್ತಿರ ನನ್ನ ತಟ್ಟೆ ಇಟ್ಟುಕೊಂಡು ಕೂತಿದ್ದೆ. "ಅವಳಿಗೇನು, ಗಂಡನಾ ಮಕ್ಕಳಾ?"

"ಅವಳಿಗೆ ಅದು ಇದೆಯಲ್ಲ ಅತ್ತೆ" ಅಂದಳು ಸನಿಯ್ಯಾ.

"ಹೇಳೋದು ಯಾಕೆ? ಡಾಕ್ಟರಿಗೇನು ಕನಸು ಬೀಳತ್ತಾ?"

ನಗಬೇಡಿ. ಅಮ್ಮ ನಿಜವಾಗಿಯೂ ಹಾಗೇ ತಿಳಿದಿದ್ದಳು. ಪೆಟ್ಟಿಗೆಯಿಂದ ನನ್ನ ಗುರುತಿನ ಚೀಟಿ ಹೊರಗೆ ಬಂತು. ನನಗೆ ಹೊಸ ಚಪ್ಪಲಿ ಬಂತು. ಮೈಕ್ರೋಬಸ್ಸಿನಲ್ಲಿ ಸನಿಯ್ಯಾ ಹಿಂದಿನ ಸೀಟಿಗೆ ಹೋದಳು, ಅಮ್ಮ ನನ್ನ ಪಕ್ಕದಲ್ಲೇ ಕೂತಳು, ತೋಳಿಗೆ ತೋಳು ತಾಗಿಸಿಕೊಂಡು. ನಾನು ಕಿಟಕಿಯ ಕಡೆ ತಿರುಗಿಕೊಂಡೆ, ಕಣ್ಣಲ್ಲಿ ನೀರು ಬಂದದ್ದು ಕಾಣದಿರಲಿ ಎಂದು.

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಡಾಕ್ಟರ್ ಮಾಗ್ದಾ. ಗಿಡ್ಡ ಕೂದಲು, ದಪ್ಪ ಕನ್ನಡಕ, ಎದುರಿಗೆ ಯಾರೇ ಇರಲಿ ಚಹಾ ಆರಿಸಿಕೊಂಡು ಕುಡಿಯುವ ಹೆಂಗಸು. ರಕ್ತದ ಗುಂಪು ಹೊಂದಿತು, ಒಳಗಿನ ಹೊಂದಾಣಿಕೆಯೂ ಬಂತು, ಕಿಡ್ನಿ ಎರಡೂ ಕನ್ನಡಿಯ ಹಾಗಿವೆ ಅಂದರು. ಅಮ್ಮ ಕೈಯೆತ್ತಿ ದೇವರನ್ನು ಹೊಗಳಿದಳು. ಆಮೇಲೆ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಹಜ್ಜಾ" ಎಂದು ಅಮ್ಮನನ್ನು ಮರ್ಯಾದೆಯಿಂದ ಕರೆದರು. "ಇವರಿಗೆ ಸಿ ಇರೋದು ನಿಮಗೆ ಗೊತ್ತಿತ್ತಾ?"

ಅಮ್ಮ ಸೀಲಿಂಗ್ ನೋಡಿದಳು. ಸನಿಯ್ಯಾ ನೆಲ ನೋಡಿದಳು.

"ಗೊತ್ತಿತ್ತು" ಅಂದೆ ನಾನು.

"ಅದು ಲಿವರ್‌ನಲ್ಲಿ ಇರೋದಲ್ವಾ ಡಾಕ್ಟ್ರಮ್ಮ?" ಅಂದಳು ಅಮ್ಮ, ಚೌಕಾಸಿಗೆ ಇಳಿದ ದನಿಯಲ್ಲಿ. "ನಾವೇನು ಲಿವರ್ ಕೇಳಿದ್ವಾ? ಲಿವರ್ ಅವಳ ಹತ್ರಾನೇ ಇರ್ಲಿ."

ಡಾಕ್ಟರು ಚಹಾ ಪಕ್ಕಕ್ಕೆ ಸರಿಸಿದರು. "ವೈರಸ್ಸು ರಕ್ತದಲ್ಲಿ ಓಡಾಡತ್ತೆ. ಕಿಡ್ನಿ ಒಳಗೂ ರಕ್ತ ಇದೆ. ಹಾಗೇ ಹಾಕಿದ್ರೆ ಕಿಡ್ನಿ ಜೊತೆಗೆ ವೈರಸ್ಸನ್ನೂ ನಿಮ್ಮ ಮಗನಿಗೆ ಹೊಲಿದು ಕೊಟ್ಟ ಹಾಗೆ. ಬೇರೆಯವರ ಕಿಡ್ನಿನ ಮೈ ಒಪ್ಪಲಿ ಅಂತ ಮೈಯ ಕಾವಲನ್ನೇ ಮಲಗಿಸೋ ಔಷಧಿ ಕೊಡ್ತೀವಿ. ಕಾವಲು ಮಲಗಿದ ಮನೇಲಿ ಕಳ್ಳನಿಗೆ ಹಬ್ಬ."

"ಅಯ್ಯೋ, ಹಾಗಾದ್ರೆ ಆಗೋಲ್ವಾ?"

"ಆಗತ್ತೆ. ಕೆಲವು ಕಡೆ ಮೊದಲು ಕಿಡ್ನಿ ಹಾಕಿ ಆಮೇಲೆ ಹಾಕಿಸಿಕೊಂಡವರಿಗೆ ಮಾತ್ರೆ ಕೊಡ್ತಾರೆ. ನಮಗೆ ಸಮಯ ಇದೆ, ಆ ಅಪಾಯ ಯಾಕೆ? ಮೊದಲು ಇವರಿಗೆ ಮೂರು ತಿಂಗಳು ಮಾತ್ರೆ. ಮುಗಿದ ಮೇಲೆ ಮೂರು ತಿಂಗಳು ಸುಮ್ಮನೆ ಕಾಯೋದು. ಆಗ ಪರೀಕ್ಷೆ ಮಾಡ್ತೀವಿ. ವೈರಸ್ಸು ತಿರುಗಿ ಬಂದಿಲ್ಲ ಅಂದ್ರೆ ಪೂರ್ತಿ ಗುಣ ಅಂತ. ಆಮೇಲೆ ಕಿಡ್ನಿ ಮಾತು." ನನ್ನ ಕಡೆ ತಿರುಗಿದರು. "ಈ ಮಾತ್ರೆ ಇಷ್ಟು ವರ್ಷ ಯಾಕೆ ತಗೊಂಡಿಲ್ಲ ನೀವು? ಊರೂರಿಗೂ ಕೊಡ್ತಿದ್ರಲ್ಲ?"

ಅಮ್ಮನ ಕೈ ನನ್ನ ತೊಡೆಯ ಮೇಲೆ ಬಂದು ಕೂತಿತು. "ಅವಳಿಗೆ ಆಗ ಹುಷಾರಿರ್ಲಿಲ್ಲ ಡಾಕ್ಟ್ರಮ್ಮ" ಅಂದಳು.

ಡಾಕ್ಟರ್ ಮಾಗ್ದಾ ಅವಳನ್ನು ಒಂದು ಗಳಿಗೆ ನೋಡಿದರು. ಲೋಟ, ತಟ್ಟೆ, ಹಾಲಿನಿಂದ ಈ ಕಾಯಿಲೆ ಹರಡುವುದಿಲ್ಲ ಎಂದೂ ಅವತ್ತೇ ಬಿಡಿಸಿ ಹೇಳಿದರು, ನಾನು ಬೇಕೆಂದೇ ಕೇಳಿದ್ದಕ್ಕೆ. ಅಮ್ಮ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ನನ್ನ ಲೋಟ ಅದರ ಜಾಗದಲ್ಲೇ ಇತ್ತು.

ಮಾತ್ರೆ ಶುರುವಾಯಿತು. ಏನು ಉಪಚಾರ ಅಂತೀರಿ! ಬೆಳಿಗ್ಗೆ ಜೇನು, ಮಧ್ಯಾಹ್ನ ಎಳೆ ಗೋಧಿ ತುಂಬಿ ಬೇಯಿಸಿದ ಪಾರಿವಾಳ. ಮದುಮಗನಿಗೆ ಕೊಡುವ ಊಟ ಅದು, ನನ್ನ ಜನ್ಮದಲ್ಲಿ ನನ್ನ ತಟ್ಟೆಗೆ ಬಿದ್ದಿರಲಿಲ್ಲ. "ತಿನ್ನು, ತಿನ್ನು, ರಕ್ತ ಆಗ್ಬೇಕು" ಎನ್ನುತ್ತಿದ್ದಳು ಅಮ್ಮ. "ಬಕ್ರೀದ್ ಯಾವತ್ತಮ್ಮ?" ಎಂದು ಕೇಳಿದೆ ಒಂದು ದಿನ. ಅವಳಿಗೆ ಅರ್ಥವಾಗಲಿಲ್ಲ. ಸನಿಯ್ಯಾಳಿಗೆ ಅರ್ಥವಾಗಿ, "ಕುರಿ ಇಷ್ಟು ಮಾತಾಡೋಲ್ಲ" ಅಂದಳು. ಬೇಜಾರಿನ ನಡುವೆಯೂ ನನಗೆ ನಗು ಬಂತು.

ಮಾತ್ರೆಯನ್ನು ಅಮ್ಮ ತಾನೇ ಬಾಯಿಗೆ ಹಾಕುತ್ತಿದ್ದಳು. ನುಂಗಿದ ಮೇಲೆ ನಾಲಿಗೆ ಎತ್ತಿಸಿ ಅಡಿಯಲ್ಲಿ ನೋಡುತ್ತಿದ್ದಳು. ಬಾಯಿ ಬಿಟ್ಟುಕೊಂಡು ಅವಳ ಮುಂದೆ ನಿಂತಾಗಲೆಲ್ಲ ಇದನ್ನು ಅವಳ ಕಾಲ ಬುಡಕ್ಕೆ ಉಗಿದುಬಿಡಲೇ ಅನಿಸುತ್ತಿತ್ತು. ಉಗಿದರೆ ನಷ್ಟ ನನಗೇ. ಗುಣವಾಗುವುದು ನನಗೆ ಬೇಕಿತ್ತು, ಒಂಬತ್ತು ವರ್ಷದಿಂದ ಬೇಕಿತ್ತು. ಕಿಡ್ನಿ ಕೊಡುವುದು ಬೇಕಿರಲಿಲ್ಲ. ಮಾತ್ರೆ ನುಂಗಿದಷ್ಟೂ ಆಪರೇಷನ್ ಹತ್ತಿರ ಬರುತ್ತಿತ್ತು. ನುಂಗದಿದ್ದರೆ ಕೊಟ್ಟಿಗೆಯೇ ಗತಿ. ಎರಡು ಕಡೆಯೂ ಗೋಡೆ ಇರುವ ಓಣಿಗೆ ನನ್ನನ್ನು ನೂಕಿದ್ದರು. ನಾನು ಜೇನು ತಿನ್ನುತ್ತ ಮುಂದೆ ಮುಂದೆ ನಡೆಯುತ್ತಿದ್ದೆ.

ಯಾಕೆ ಕೊಡಲು ಮನಸ್ಸಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಇತ್ತು. ಸಿಟ್ಟು ಹೆದರಿಕೆಗಿಂತ ದೊಡ್ಡದಾಗಿತ್ತು. ಮಹಲ್ಲಾದ ಕಾರ್ಖಾನೆಯ ಆಸೆ ಇವೆರಡಕ್ಕಿಂತಲೂ ದೊಡ್ಡದಾಗಿತ್ತು. ಅಲ್ಲಿ ಎತ್ತರದ ಕಿಟಕಿಗಳ ಕೆಳಗೆ ಸಾಲಾಗಿ ಹೊಲಿಗೆ ಯಂತ್ರಗಳಿದ್ದದ್ದನ್ನು ಬಾಗಿಲಿನಿಂದಲೇ ನೋಡಿದ್ದೆ. ಆಪರೇಷನ್ ಆದವಳನ್ನು ಅವರು ತೆಗೆದುಕೊಳ್ಳುತ್ತಾರೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ತೆಗೆದುಕೊಂಡರೂ ಅಮ್ಮ ನನ್ನನ್ನು ಬಿಡುವಳೇ? ಅಣ್ಣನ ಮೈಯಲ್ಲಿ ನನ್ನ ಕಿಡ್ನಿ ಕೂತ ಮೇಲೆ, ಅದು ಕೆಟ್ಟರೆ ಇನ್ನೊಂದು ಇಲ್ಲೇ ಇರಲಿ ಎಂದು ನನಗೆ ಮತ್ತೆ ಚಿಲಕ ಹಾಕುತ್ತಿದ್ದಳು. ಅಮ್ಮನ ಬಗ್ಗೆ ಹೀಗೆ ಯೋಚಿಸಲು ನನಗೆ ನಾಚಿಕೆಯೂ ಆಗುತ್ತಿತ್ತು.

ಮಾತ್ರೆ ಮುಗಿದು ಕಾಯುವ ತಿಂಗಳುಗಳಲ್ಲಿ ಅಣ್ಣನ ಕೈಯಲ್ಲಿ ಯಂತ್ರಕ್ಕಾಗಿ ಮಾಡಿದ್ದ ರಕ್ತನಾಳ ಮುಚ್ಚಿಹೋಯಿತು. ಕುತ್ತಿಗೆಗೆ ಕೊಳವೆ ಹಾಕಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಒಂದು ಸಂಜೆ ನಾನು ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದಾಗ ಅವನು ಮೆಟ್ಟಿಲು ಹತ್ತಿ ಬಂದ. ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುವುದು ಮೇಲಿನವರೆಗೂ ಕೇಳಿಸುತ್ತಿತ್ತು. ಬಂದವನು ಕಟ್ಟೆಯ ಮೇಲೆ ನನ್ನಿಂದ ಸ್ವಲ್ಪ ದೂರದಲ್ಲಿ ಕೂತ.

"ಮಾತ್ರೆ ತಗೊಂಡಾಗ ತ್ರಾಸ ಆಯ್ತಾ?" ಅಂದ.

"ತಲೆ ನೋಯ್ತಿತ್ತು. ಈಗಿಲ್ಲ."

"ನಿನ್ನ ಕಿಡ್ನಿ ಬಂದ್ಮೇಲೆ ನಾನೂ ನಿನ್ನ ಹಾಗೇ ಬಾಯಿ ಜೋರು ಮಾಡ್ತೀನೇನೋ. ಗಿರಾಕಿಗಳು ಓಡಿಹೋಗ್ತಾರೆ."

ಇಬ್ಬರೂ ನಕ್ಕೆವು. ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು. ಆ ಧೈರ್ಯದಲ್ಲಿ ಕೇಳಿಬಿಟ್ಟೆ: "ಅಣ್ಣಾ, ಕೊಡ್ತೀಯಾ ಅಂತ ನೀನು ನನ್ನ ಒಂದ್ಸಲಾನೂ ಕೇಳ್ಲಿಲ್ಲ."

ಅವನು ಚೀಪುತ್ತಿದ್ದ ನಿಂಬೆ ಹೋಳನ್ನು ಬಾಯಿಂದ ತೆಗೆದ. "ಕೇಳಿ, ನೀನು ಒಲ್ಲೆ ಅಂದ್ರೆ?"

"ಕೇಳದೇ ಇದ್ರೆ?"

"ಕೇಳದೇ ಇದ್ರೆ ನೀನು ಒಲ್ಲೆ ಅನ್ನೋ ಮಾತೇ ಬರಲ್ವಲ್ಲ."

ಹೇಳಿದ ಮೇಲೆ ಅವನಿಗೇ ಅದು ಹೇಗೆ ಕೇಳಿಸಿತೋ, ಮುಖ ಕೆಳಗೆ ಹಾಕಿದ. ಅವನ ಕುತ್ತಿಗೆಯ ಕೊಳವೆಗೆ ಸುತ್ತಿದ ಬಟ್ಟೆ ಕೊಳೆಯಾಗಿತ್ತು. ನನಗೆ ಅವನ ಮೇಲೆ ಕೋಪವೂ ಬಂತು, ಅಯ್ಯೋ ಅಂತಲೂ ಅನಿಸಿತು. ನನ್ನನ್ನು ಕಟ್ಟಿಹಾಕಿದ ಹಗ್ಗದ ಇನ್ನೊಂದು ತುದಿ ಅವನ ಕಾಲಿಗೇ ಕಟ್ಟಿತ್ತು. ಕೆಳಗಿಳಿಯುವಾಗ ಅವನ ತೋಳು ಹಿಡಿದುಕೊಂಡೆ. ಅವನು ಬೇಡವೆನ್ನಲಿಲ್ಲ.

ಕೊನೆಯ ಪರೀಕ್ಷೆಯ ಫಲಿತಾಂಶ ಬರುವ ದಿನ ಎಲ್ಲರೂ ಹೋದೆವು. ಅಮ್ಮ, ಅಣ್ಣ, ಸನಿಯ್ಯಾ ಹೊರಗೆ ಬೆಂಚಿನ ಮೇಲೆ ಕೂತರು. ಕೊಡುವವರನ್ನು ಒಬ್ಬರನ್ನೇ ಕೂರಿಸಿ ಮಾತಾಡಬೇಕೆಂಬುದು ನಿಯಮ ಎಂದು ಹೇಳಿ ಡಾಕ್ಟರ್ ಮಾಗ್ದಾ ನನ್ನನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿದರು.

"ವೈರಸ್ ಇಲ್ಲ" ಅಂದರು. "ಪೂರ್ತಿ ಹೋಗಿದೆ. ನಿಮಗೆ ಗುಣ ಆಗಿದೆ ಬದ್ರಿಯ್ಯಾ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಕುಣಿಯಬೇಕು ಅನಿಸಿತು, ಅಳಬೇಕು ಅನಿಸಿತು, ಎರಡೂ ಆಗದೆ ಬಿಕ್ಕಳಿಕೆ ಬಂತು. ಅವರು ತಮ್ಮ ಚಹಾವನ್ನೇ ನನ್ನ ಕಡೆ ತಳ್ಳಿದರು. ಅದೇ ಲೋಟದಲ್ಲಿ ಕುಡಿದೆ.

"ಈಗ ಇನ್ನೊಂದು ಮಾತು. ಕಿಡ್ನಿ ಕೊಡೋಕೆ ನಿಮಗೆ ಮನಸ್ಸಿದೆಯಾ? ಯಾರಾದ್ರೂ ಬಲವಂತ ಮಾಡ್ತಿದ್ದಾರಾ?"

"ಬಲವಂತ ಏನೂ ಮಾಡಿಲ್ಲ. ಕೇಳೇ ಇಲ್ಲ."

"ನಾನು ಕೇಳ್ತಿದ್ದೀನಿ."

ಬಾಗಿಲ ಆಚೆ ಅಮ್ಮ ಜಪ ಮಾಡುತ್ತಿರುವುದು ಸಣ್ಣಗೆ ಕೇಳಿಸುತ್ತಿತ್ತು. "ಇಲ್ಲ" ಅಂದೆ. "ಮನಸ್ಸಿಲ್ಲ."

ಡಾಕ್ಟರಿಗೆ ಆಶ್ಚರ್ಯವಾಗಲಿಲ್ಲ. ಇಂಥ ಎಷ್ಟು ಜನ ಹೆಂಗಸರು ಆ ಕುರ್ಚಿಯಲ್ಲಿ ಕೂತು ಎದ್ದಿದ್ದಾರೋ. "ಹಾಗಾದ್ರೆ ನಾನು ಹೊರಗೆ ಹೋಗಿ, ಇವರು ಕೊಡೋಕಾಗೋಲ್ಲ ಅಂತ ಮಾತ್ರ ಹೇಳ್ತೀನಿ. ಕಾರಣ ಹೇಳೋಲ್ಲ. ನೀವು ಒಲ್ಲೆ ಅಂದಿದ್ದು ಯಾರಿಗೂ ಗೊತ್ತಾಗೋಲ್ಲ."

"ಕಾರಣ ಅವರೇ ಹೇಳ್ಕೋತಾರೆ ಡಾಕ್ಟ್ರೇ. ನನ್ನ ಕಿಡ್ನಿ ಕನ್ನಡಿ ಹಾಗಿದೆ ಅಂತ ನೀವೇ ಅವರಿಗೆ ಹೇಳಿದ್ದೀರಿ. ಬಾಕಿ ಇದ್ದಿದ್ದು ವೈರಸ್ ಒಂದೇ. ಅದು ಹೋಗಿಲ್ಲ ಅಂತಾನೇ ತಿಳ್ಕೋತಾರೆ."

ಅವರ ಬಳಿ ಇದ್ದ ಸಹಾಯ ಅಷ್ಟೇ ಎಂದು ನನಗೆ ಗೊತ್ತಾಯಿತು. ಹಾಗೆ ಹೇಳಿಸಿಕೊಂಡು ಹೊರಗೆ ಹೋದರೆ ನನ್ನ ಕಿಡ್ನಿ ಉಳಿಯುತ್ತಿತ್ತು, ನಾನು ಸಾಯುವವರೆಗೂ ಆ ಮನೆಯ ಕಾಯಿಲೆಯವಳಾಗಿ ಉಳಿಯುತ್ತಿದ್ದೆ. ಮಾತ್ರೆಗೂ ಜಗ್ಗದ ಕಾಯಿಲೆ ಎಂದು ಇನ್ನಷ್ಟು ದೂರ ಇಡುತ್ತಿದ್ದರು. ಗುಣವಾದವಳೆಂದು ಹೇಳಿಸಿಕೊಂಡು ಹೊರಗೆ ಹೋದರೆ ಕಿಡ್ನಿ ಕೊಡಲೇಬೇಕು. ಎರಡನ್ನೂ ಬಿಟ್ಟು, ಗುಣವಾಗಿದ್ದೇನೆ ಆದರೆ ಕೊಡುವುದಿಲ್ಲ ಎಂದರೆ? ಅಣ್ಣನನ್ನು ಕೊಂದವಳಾಗುತ್ತೇನೆ. ಯಂತ್ರ ಅವನನ್ನು ಇನ್ನೆಷ್ಟು ದಿನ ಕಾಯುತ್ತದೋ ಯಾರಿಗೂ ಗೊತ್ತಿಲ್ಲ. ಅವನಿಲ್ಲದ ಮನೆಯನ್ನು ನೆನೆಯುವುದು ನನ್ನಿಂದ ಆಗಲಿಲ್ಲ. ಅವನು ನನ್ನ ಅಣ್ಣ.

"ನನಗೆ ಗುಣ ಆಗಿದೆ ಅಂತ ಎಲ್ಲರ ಮುಂದೆ ಹೇಳಿ" ಅಂದೆ. "ಉಳಿದಿದ್ದು ನಾನು ಹೇಳ್ತೀನಿ."

"ಯೋಚನೆ ಮಾಡಿದ್ದೀರಾ?"

"ಮಾಡೋಕೆ ಇನ್ನೇನೂ ಉಳಿದಿಲ್ಲ."

ಡಾಕ್ಟರು ಬಾಗಿಲು ತೆಗೆದು, "ಬದ್ರಿಯ್ಯಾಗೆ ಪೂರ್ತಿ ಗುಣ ಆಗಿದೆ" ಎಂದರು, ಮೊಗಸಾಲೆಯಲ್ಲಿ ಇದ್ದವರಿಗೆಲ್ಲ ಕೇಳುವ ಹಾಗೆ. ಅಮ್ಮ ನಾಲಿಗೆ ಹೊರಳಿಸಿ, ಮದುವೆ ಮನೆಯಲ್ಲಿ ಹೆಂಗಸರು ಹಾಕುವ ಹರ್ಷದ ಕೂಗು ಹಾಕಿದಳು. ಎಲ್ಲರೂ ತಿರುಗಿ ನೋಡಿದರು. ಓಡಿ ಬಂದು ನನ್ನನ್ನು ಅಪ್ಪಿಕೊಂಡು ಒಂದು ಕೆನ್ನೆಗೆ, ಇನ್ನೊಂದು ಕೆನ್ನೆಗೆ, ಹಣೆಗೆ ಮುತ್ತಿಟ್ಟಳು. ಅವಳ ಮೈಯಿಂದ ಹಾಲಿನ ವಾಸನೆ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬೇಕಾಗಿತ್ತು. ಬಾಯಿ ತೆಗೆಯದೆ ಹಾಗೇ ನಿಂತುಬಿಡೋಣ, ಬೇಕಾದ್ದು ಕೊಯ್ದುಕೊಳ್ಳಲಿ ಎಂದು ಒಂದು ಗಳಿಗೆ ಅನಿಸಿಯೇ ಅನಿಸಿತು.

"ಆಪರೇಷನ್ ಯಾವತ್ತು ಡಾಕ್ಟ್ರಮ್ಮ?" ಅಮ್ಮ ನನ್ನ ಭುಜದ ಮೇಲಿನಿಂದ ಕೇಳಿದಳು.

"ಅಮ್ಮಾ" ಅಂದೆ. "ನಾನು ಕೊಡೋಲ್ಲ."

"ಏನು?"

"ಕಿಡ್ನಿ. ಕೊಡೋಲ್ಲ."

ಸನಿಯ್ಯಾ ಎದೆಗೆ ಬಡಿದುಕೊಂಡಳು. "ಥೂ ನಿನ್ನ! ಪಾರಿವಾಳ ತಿನ್ನುವಾಗ ಈ ಮಾತು ಎಲ್ಲಿ ಹೋಗಿತ್ತೇ? ನನ್ನ ಮಕ್ಕಳ ಗತಿ ಏನೇ?" ಎಂದು ಕೂಗಿದಳು. ಅವಳು ಕೂಗಿದ್ದರಲ್ಲಿ ತಪ್ಪಿಲ್ಲ, ಅವಳ ಗಂಡ ಅವನು. ಅಣ್ಣ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಅಮ್ಮನಿಗೆ ಸಿಟ್ಟೂ ಬರಲಿಲ್ಲ. ನನ್ನನ್ನು ಹಿಡಿದುಕೊಂಡೇ, ನಿಜವಾಗಿಯೂ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು.

"ಮತ್ತೆ ಮಾತ್ರೆ ಯಾಕೆ ತಗೊಂಡೆ?" ಅಂದಳು.

"ನನಗೆ ಕಾಯಿಲೆ ಇತ್ತಲ್ಲಮ್ಮ."

ನನ್ನ ಬೆನ್ನ ಮೇಲಿದ್ದ ಅವಳ ಕೈಗಳು ಮೆಲ್ಲಗೆ ಕೆಳಗಿಳಿದವು. ನಾನು ಅಳುತ್ತಿದ್ದೆ. ಅಣ್ಣನಿಗಾಗಿಯೂ ಅಳುತ್ತಿದ್ದೆ. ಹೇಳಿದ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಅಣ್ಣ ಕಣ್ಣು ತೆರೆದ. ನನ್ನ ಕಡೆ ನೋಡಲಿಲ್ಲ. "ಅಮ್ಮಾ, ಬಿಡು ಅವಳನ್ನ" ಅಂದ, ಉಸಿರು ಕಟ್ಟಿ ಕಟ್ಟಿ. "ಹಮ್ದಿಗೆ ಫೋನ್ ಮಾಡು."

"ಹಮ್ದಿಗಾ?" ಅಮ್ಮ ಬೆಚ್ಚಿಬಿದ್ದಳು. "ಅವನನ್ನ ಹೇಗಪ್ಪಾ ಕೇಳೋದು? ಎಲ್ಲೋ ದೂರದಲ್ಲಿದ್ದಾನೆ. ಹೆಂಡ್ತಿ, ಮಕ್ಕಳು. ಲಾರಿ ಓಡಿಸೋನು. ಅವನನ್ನ ಹೇಗೆ..."

"ಕೊಡ್ತೀಯಾ ಅಂತ ಕೇಳೋದು."

"ಒಲ್ಲೆ ಅಂದ್ರೆ?"

"ಅಂದ್ರೆ ಅಂದ. ಫೋನ್ ಕೊಡಿಲ್ಲಿ, ನಾನೇ ಕೇಳ್ತೀನಿ."

ಅವನು ಕೈ ಚಾಚಿದ. ಅಮ್ಮ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಸರಿದವಳು ನನ್ನ ಹತ್ತಿರ ಬಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಬದ್ರಿಯ್ಯಾ, ನನ್ನ ಬಂಗಾರ" ಅಂದಳು. "ನಿನ್ನ ಕಾಲು ಹಿಡ್ಕೋತೀನಿ. 'ಹೂಂ' ಅನ್ನು, ತಾಯಿ. ಕೊಡ್ತೀಯಾ?"

ಅಂತೂ ಕೇಳಿದಳು. ಆರು ತಿಂಗಳಿಂದ ಆ ಮನೆಯಲ್ಲಿ ಯಾರ ಬಾಯಿಂದಲೂ ಬಾರದ ಮಾತು ಅದು. ಹಮ್ದಿಯನ್ನು ಕೇಳುವುದು ತಪ್ಪಲಿ ಎಂದು ನನ್ನನ್ನು ಕೇಳಿದಳು.

"ಫೋನು ಅಣ್ಣನಿಗೆ ಕೊಡಮ್ಮ" ಅಂದೆ.